ಬೇರುಗಂಟು ಜಂತುಹುಳ: ಹೊಲದಲ್ಲಿ ಗುರುತು ಹಿಡಿಯೋದು, ಲ್ಯಾಬಲ್ಲಿ ಜಾತಿ ಕಂಡುಹಿಡಿಯೋದು

ಹೋದ ವರ್ಷ ಬೇಸಿಗೆ ಶುರುವಲ್ಲಿ ಶ್ರೀನಿವಾಸಪುರದ ಹತ್ರ ನಮ್ಮ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಮುಕ್ಕಾಲು ಎಕರೆ ಟೊಮ್ಯಾಟೊ, ನಾಟಿ ಮಾಡಿ ಐವತ್ತು ದಿನ ಆಗಿತ್ತು, ಕೋಲು ನೆಟ್ಟು ದಾರ ಕಟ್ಟಿ ಎಲ್ಲಾ ನೀಟಾಗಿತ್ತು, ಹೂವೂ ಇತ್ತು ಕಾಯೂ ಇತ್ತು. ಆದ್ರೆ ಮಧ್ಯಾಹ್ನ ಹನ್ನೆರಡು ಗಂಟೆ ಆಗ್ತಿದ್ದಂಗೆ ಬೋರ್‌ವೆಲ್ ಕಡೆ ಮೂಲೆಲಿ ಒಂದು ಇಪ್ಪತ್ತಡಿ ಜಾಗದ ಗಿಡಗಳೆಲ್ಲ ತಲೆ ಜೋತು ಹಾಕ್ಕೊಂಡು ನಿಂತ್ಬಿಡ್ತಿದ್ವು, ಸಂಜೆ ಐದು ಗಂಟೆಗೆ ಏನೂ ಆಗೇ ಇಲ್ಲ ಅನ್ನೋ ಥರ ಮತ್ತೆ ನೆಟ್ಟಗಾಗ್ತಿದ್ವು. ಚಿಕ್ಕಪ್ಪ ನೀರು ಸಾಲ್ತಿಲ್ಲ ಕಣೋ ಅಂತ ಡ್ರಿಪ್ಪು ದಿನಾ ಅರ್ಧ ಗಂಟೆ ಜಾಸ್ತಿ ಬಿಡ್ತಿದ್ರು, ಎಲೆ ಹಳದಿ ತಿರುಗಿದೆ ಅಂತ ಎರಡು ಸಲ 19:19:19 ಗೊಬ್ಬರ ಕೊಟ್ಟಿದ್ರು, ಸೊರಗು ರೋಗ ಇರಬೌದು ಅಂತ ಅಂಗಡಿಯಿಂದ ಒಂದು ಔಷಧಿ ತಂದು ಬುಡಕ್ಕೂ ಹುಯ್ದಿದ್ರು. ಅಷ್ಟೂ ದಿನದಲ್ಲಿ ಒಂದೇ ಒಂದು ಗಿಡದ ಬೇರನ್ನ ಯಾರೂ ನೋಡಿರ್ಲಿಲ್ಲ.

ಒಂದು ಗಿಡ ಅಗೀಲಾ ಚಿಕ್ಕಪ್ಪ ಅಂದೆ. ಕಾಯಿ ಬಿಟ್ಟಿರೋ ಗಿಡ ಕೀಳ್ತೀಯೇನೋ ಅಂದ್ರು, ಅವರ ಮುಖ ನೋಡಿದ್ರೆ ನಂಗೂ ಕೈ ಬರ್ಲಿಲ್ಲ, ಆದ್ರೂ ಒಂದು ಗಿಡ ಹೋದ್ರೆ ಹೋಗ್ಲಿ ಅಂತ ಒಪ್ಪಿಸಿ ಅಗೆದೆ. ಬಕೆಟ್ ನೀರಲ್ಲಿ ಅದ್ದಿ ಮಣ್ಣು ಬಿಡಿಸಿದ್ಮೇಲೆ ನೋಡಿದ್ರೆ ಬೇರು ಬೇರಿನ ಥರ ಇರ್ಲೇ ಇಲ್ಲ, ಶುಂಠಿ ಗಡ್ಡೆನ ಸಣ್ಣದಾಗಿ ದಾರಕ್ಕೆ ಪೋಣಿಸ್ದಂಗೆ ಉದ್ದಕ್ಕೂ ಗಂಟು ಗಂಟು. ಚಿಕ್ಕಪ್ಪ ಅದನ್ನ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ಮಾತೇ ಆಡ್ಲಿಲ್ಲ.

ನಾನು ಕೃಷಿ ಓದಿದೋನು, ಕೋಲಾರ, ಮುಳಬಾಗ್ಲು, ಚಿಂತಾಮಣಿ ಕಡೆ ತೋಟ ಸುತ್ತೋದೇ ನನ್ನ ಕೆಲ್ಸ. ನಾನು ನೋಡಿರೋ ಪ್ರಕಾರ ಈ ಬೇರುಗಂಟು ಜಂತುಹುಳದಿಂದ ಆಗೋ ನಷ್ಟದ ಜೊತೆಗೆ ಅದನ್ನ ಬೇರೆ ಏನೋ ಅನ್ಕೊಂಡು ಸುರಿಯೋ ದುಡ್ಡೂ ಅಷ್ಟೇ ಆಗ್ತಿದೆ. ಅದಕ್ಕೆ ಇದನ್ನ ಗುರುತು ಹಿಡಿಯೋದು ಹೇಗೆ ಅಂತ ನಿಧಾನಕ್ಕೆ, ಪೂರ್ತಿಯಾಗಿ ಬರೀತಿದೀನಿ.

ಮೊದ್ಲು ಹುಳ ಅಂದ ತಕ್ಷಣ ಗೊಣ್ಣೆಹುಳು, ಎರೆಹುಳು ಥರ ಮಣ್ಣು ಕೆದಕಿದ್ರೆ ಕಣ್ಣಿಗೆ ಕಾಣತ್ತೆ ಅನ್ಕೋಬೇಡಿ. ಮಣ್ಣಲ್ಲಿರೋ ಮರಿ ಜಂತು ಉದ್ದ ಸುಮಾರು 0.4 ಮಿಲಿಮೀಟರ್, ದಪ್ಪ ನಮ್ಮ ತಲೆಕೂದಲಿನ ಐದನೇ ಒಂದು ಭಾಗದಷ್ಟು, ಬಣ್ಣ ಅಂತ ಏನೂ ಇಲ್ಲ, ಗಾಜಿನ ಥರ ಪಾರದರ್ಶಕ. ಬರಿಗಣ್ಣಿಗೆ ಕಾಣೋ ಚಾನ್ಸೇ ಇಲ್ಲ. ನಮಗೆ ಕಾಣೋದು ಅದು ಬೇರೊಳಗೆ ಮಾಡಿರೋ ಕೆಲಸ, ಅಂದ್ರೆ ಗಂಟು.

ಆ ಗಂಟು ಹೇಗಾಗತ್ತೆ ಅಂತ ಗೊತ್ತಾದ್ರೆ ಗುರುತು ಹಿಡಿಯೋದು ಅರ್ಧ ಸುಲಭ ಆಗತ್ತೆ. ಮೊಟ್ಟೆ ಒಳಗಡೆನೇ ಮರಿ ಒಂದು ಸಲ ಪೊರೆ ಕಳಚಿ ಎರಡನೇ ಹಂತದ ಮರಿಯಾಗಿ ಹೊರಗೆ ಬರತ್ತೆ, ಬೇರಿಗೆ ನುಗ್ಗೋದು ಈ ಎರಡನೇ ಹಂತದ ಮರಿ ಮಾತ್ರ. ಮಣ್ಣಿನ ಕಣಗಳ ಸುತ್ತ ಇರೋ ನೀರಿನ ತೆಳು ಪದರದಲ್ಲಿ ಈಜ್ಕೊಂಡು, ಬೇರಿನಿಂದ ಒಸರೋ ರಸದ ಜಾಡು ಹಿಡ್ಕೊಂಡು ಎಳೆ ಬೇರಿನ ತುದಿ ಹತ್ರ ಬಂದು, ತುದಿಗಿಂತ ಸ್ವಲ್ಪ ಹಿಂದೆ ಬೇರು ಉದ್ದ ಬೆಳೆಯೋ ಜಾಗದಲ್ಲಿ ಒಳಗೆ ನುಗ್ಗತ್ತೆ. ಬಾಯಲ್ಲಿ ಇಂಜೆಕ್ಷನ್ ಸೂಜಿ ಥರ ಟೊಳ್ಳು ಈಟಿ ಇರತ್ತೆ, ಜೊತೆಗೆ ಬೇರಿನ ಕೋಶದ ಗೋಡೆ ಕರಗಿಸೋ ಕಿಣ್ವಗಳನ್ನೂ ಬಿಡತ್ತೆ. 2008ರಲ್ಲಿ ಇದರ ಒಂದು ಜಾತಿಯ ಜೀನೋಮ್ ಪೂರ್ತಿ ಓದಿದಾಗ ಗೊತ್ತಾದ ವಿಷ್ಯ ಅಂದ್ರೆ ಗೋಡೆ ಕರಗಿಸೋ ಈ ಕಿಣ್ವಗಳ ಜೀನುಗಳು ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾಗಳಿಂದ ಇದಕ್ಕೆ ಬಂದು ಸೇರಿರೋವು ಅನ್ನೋದು, ನಂಗೆ ಇವತ್ತಿಗೂ ಅದು ಆಶ್ಚರ್ಯನೇ.

ಒಳಗೆ ಹೋದ ಮರಿ ನೀರು ಗೊಬ್ಬರ ಸಾಗೋ ನಾಳದ ಹತ್ರ ಒಂದು ಜಾಗ ಹಿಡ್ಕೊಂಡು ಸುತ್ತಲಿನ ಐದಾರು ಕೋಶಗಳಿಗೆ ತನ್ನ ಜೊಲ್ಲು ಚುಚ್ಚತ್ತೆ. ಆ ಕೋಶಗಳಲ್ಲಿ ಕೋಶಕೇಂದ್ರ ಒಡೀತಾ ಹೋಗತ್ತೆ, ಆದ್ರೆ ಕೋಶ ಇಬ್ಭಾಗ ಆಗಲ್ಲ, ಹಂಗಾಗಿ ಒಂದೊಂದು ಕೋಶದಲ್ಲೂ ಹತ್ತಾರು ಕೋಶಕೇಂದ್ರ ತುಂಬ್ಕೊಂಡು ಅದು ಮಾಮೂಲಿಗಿಂತ ನೂರಾರು ಪಟ್ಟು ಊದ್ಕೊಳತ್ತೆ, ಇದನ್ನ ದೈತ್ಯಕೋಶ ಅಂತಾರೆ. ಗಿಡ ಎಲೆಯಲ್ಲಿ ಮಾಡಿದ ಊಟ ಎಲ್ಲಾ ಈ ಕೋಶಗಳಿಗೆ ಹರಿಯೋಕೆ ಶುರುವಾಗತ್ತೆ, ಹುಳ ಅಲ್ಲೇ ಕೂತು ಹೀರತ್ತೆ. ಸುತ್ತಲಿನ ಕೋಶಗಳೂ ಸಿಕ್ಕಾಪಟ್ಟೆ ಬೆಳೆದು ಹೊರಗಡೆಯಿಂದ ನಮಗೆ ಗಂಟು ಕಾಣತ್ತೆ. ಒಂದು ಸಲ ಕೂತ ಮೇಲೆ ಹೆಣ್ಣು ಹುಳ ಸಾಯೋವರ್ಗೂ ಆ ಜಾಗ ಬಿಟ್ಟು ಕದಲಲ್ಲ. ಇನ್ನೂ ಮೂರು ಸಲ ಪೊರೆ ಕಳಚಿ, ದಾರದ ಥರ ಇದ್ದದ್ದು ಊದಿ ಊದಿ ಪೇರ್ ಹಣ್ಣಿನ ಆಕಾರಕ್ಕೆ, ಅಂದ್ರೆ ಒಂದು ಕಡೆ ದುಂಡಗೆ ಇನ್ನೊಂದು ಕಡೆ ಸಣ್ಣ ಕತ್ತಿನ ಥರ ಆಗತ್ತೆ. ಆಮೇಲೆ ಬಾಲದ ಕಡೆಯಿಂದ ಲೋಳೆ ಬಿಟ್ಟು ಅದರೊಳಗೆ ಮುನ್ನೂರು ನಾನೂರು, ಕೆಲವು ಸಲ ಇನ್ನೂ ಜಾಸ್ತಿ ಮೊಟ್ಟೆ ಇಡತ್ತೆ. ನಮ್ಮ ಕಡೆ ಇರೋ ಮುಖ್ಯ ಜಾತಿಗಳಲ್ಲಿ ಮೊಟ್ಟೆ ಇಡೋಕೆ ಗಂಡೇ ಬೇಕಾಗಿಲ್ಲ. ಮಣ್ಣಿನ ಬಿಸಿ 27-28 ಡಿಗ್ರಿ ಇದ್ರೆ ಮೊಟ್ಟೆಯಿಂದ ಮೊಟ್ಟೆಗೆ 25 ರಿಂದ 30 ದಿನ ಸಾಕು. ನಾಲ್ಕೈದು ತಿಂಗಳ ಟೊಮ್ಯಾಟೊ ಬೆಳೇಲಿ ಎಷ್ಟು ತಲೆಮಾರು ಆಗ್ಬೋದು ಅಂತ ನೀವೇ ಲೆಕ್ಕ ಹಾಕಿ, ನಾವು ವರ್ಷ ಪೂರ್ತಿ ಅದೇ ಜಾಗದಲ್ಲಿ ಟೊಮ್ಯಾಟೊ, ಅದಾದ್ಮೇಲೆ ಬದನೆ, ಅದಾದ್ಮೇಲೆ ಹೀರೆ ಹಾಕ್ತೀವಿ, ಎಲ್ಲವೂ ಅದಕ್ಕೆ ಊಟಾನೇ. ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣು, ಅದರ ಮೇಲೆ ಡ್ರಿಪ್ಪಿನ ತೇವ, ಇವೆರಡೂ ಸೇರಿದ್ರೆ ಅದಕ್ಕೆ ಓಡಾಡೋಕೆ ರಾಜಬೀದಿ.

ಈಗ ಹೊಲಕ್ಕೆ ಬರೋಣ. ಮೇಲ್ನೋಟಕ್ಕೆ ಕಾಣೋ ಲಕ್ಷಣ ಯಾವತ್ತೂ ಪೂರ್ತಿ ನಂಬೋ ಹಾಗಿಲ್ಲ, ಗಿಡ ಕುಳ್ಳಾಗೋದು, ಎಲೆ ಹಳದಿ ಆಗೋದು, ಬಿಸಿಲಲ್ಲಿ ಬಾಡೋದು, ಕಾಯಿ ಸಣ್ಣ ಆಗೋದು ಇವೆಲ್ಲ ಹತ್ತು ಕಾರಣಕ್ಕೆ ಬರ್ತವೆ. ಆದ್ರೆ ಒಂದು ವಿಷ್ಯ ಗಮನಿಸಿ, ಜಂತುಹುಳದ ಬಾಧೆ ಇಡೀ ಹೊಲಕ್ಕೆ ಒಂದೇ ಸಮ ಬರೋದು ಕಮ್ಮಿ, ತೇಪೆ ಹಾಕ್ದಂಗೆ ಅಲ್ಲಲ್ಲಿ ಇರತ್ತೆ. ಹುಳ ತಾನಾಗಿ ಹೋಗೋದು ವರ್ಷಕ್ಕೆ ಒಂದು ಮೀಟರೂ ಇಲ್ಲ, ಅದನ್ನ ದೂರ ಒಯ್ಯೋದು ರೋಟವೇಟರ್ರು, ಹರಿಯೋ ನೀರು, ನಮ್ಮ ಕಾಲಿನ ಮಣ್ಣು, ಮತ್ತೆ ನರ್ಸರಿ ಸಸಿ. ಅದಕ್ಕೆ ಆ ತೇಪೆ ಉಳುಮೆ ಹೋದ ದಿಕ್ಕಿಗೆ, ಇಲ್ಲಾ ನೀರು ಇಳಿಯೋ ದಿಕ್ಕಿಗೆ ಉದ್ದಕ್ಕೆ ಎಳೆದಿರತ್ತೆ, ಪ್ರತಿ ಬೆಳೆಗೂ ಸ್ವಲ್ಪ ಸ್ವಲ್ಪ ದೊಡ್ಡದಾಗತ್ತೆ. ಎರಡನೇ ಬೆಳೇಲೂ ಅದೇ ಮೂಲೆ ಬಾಡ್ತಿದೆ ಅಂದ್ರೆ ಅನುಮಾನ ಬರಲೇಬೇಕು.

ಅನುಮಾನ ಬಂದ್ರೆ ಅಗೀರಿ. ದಯವಿಟ್ಟು ಕಾಂಡ ಹಿಡ್ಕೊಂಡು ಜಗ್ಗಬೇಡಿ, ಜಗ್ಗಿದ್ರೆ ತಾಯಿಬೇರು ಮಾತ್ರ ಕೈಗೆ ಬರತ್ತೆ, ಗಂಟು ಜಾಸ್ತಿ ಇರೋ ಸಣ್ಣ ಬೇರೆಲ್ಲ ಕಿತ್ತು ಮಣ್ಣಲ್ಲೇ ಉಳ್ಕೊಳತ್ತೆ, ಆಮೇಲೆ ನೋಡಿ ಏನೂ ಇಲ್ಲ ಅಂತೀವಿ. ಗಿಡದಿಂದ ಒಂದು ಗೇಣು ದೂರದಲ್ಲಿ ಗುದ್ದಲಿ ಹಾಕಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಹತ್ತು ನಿಮಿಷ ನೆನೆಸಿ, ಅಲ್ಲಾಡಿಸ್ತಾ ಮಣ್ಣು ಬಿಡಿಸಿ. ಪೂರ್ತಿ ಸತ್ತು ಒಣಗಿರೋ ಗಿಡ ಅಗೀಬೇಡಿ, ಅದರಲ್ಲಿ ಬೇರು ಕೊಳೆತು ಗಂಟು ಕರಗಿರತ್ತೆ. ತೇಪೆಯ ಅಂಚಿನಲ್ಲಿ ಈಗ ತಾನೇ ಬಾಡೋಕೆ ಶುರುವಾಗಿರೋ ಗಿಡ ಆರಿಸ್ಕೊಳಿ, ಜೊತೆಗೆ ಚೆನ್ನಾಗಿರೋ ಜಾಗದ ಗಿಡ ಒಂದನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಗಂಟು ಕಂಡ ತಕ್ಷಣ ಅದೇ ಅಂತ ತೀರ್ಮಾನ ಮಾಡೋಕಾಗಲ್ಲ, ಮುಖ್ಯವಾಗಿ ನಮ್ಮ ಅವರೆ, ಅಲಸಂದೆ, ಕಡ್ಲೆಕಾಯಿ, ಹುರುಳಿ ಬೆಳೇಲಿ. ಇವುಗಳ ಬೇರಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾದ ಗಂಟು ಇರತ್ತೆ, ಅದು ಗಾಳಿಯ ಸಾರಜನಕವನ್ನ ಗಿಡಕ್ಕೆ ಕೊಡೋ ಒಳ್ಳೇ ಗಂಟು. ಒಬ್ರು ರೈತ್ರು ಅಲಸಂದೆ ಬೇರು ತಂದು ತೋರ್ಸಿ ಔಷಧಿ ಏನು ಹಾಕ್ಲಿ ಅಂತ ಕೇಳಿದ್ರು, ನೋಡಿದ್ರೆ ಎಲ್ಲಾ ಒಳ್ಳೇ ಗಂಟೇ. ವ್ಯತ್ಯಾಸ ಬೆರಳಲ್ಲೇ ಗೊತ್ತಾಗತ್ತೆ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಮಣಿ ಅಂಟಿಸ್ದಂಗೆ ಇರತ್ತೆ, ಹೆಬ್ಬೆರಳಲ್ಲಿ ಉಜ್ಜಿದ್ರೆ ಉದುರತ್ತೆ, ಬೇರಿಗೆ ಏನೂ ಆಗಲ್ಲ, ಉಗುರಲ್ಲಿ ಸೀಳಿದ್ರೆ ಒಳಗೆ ಗುಲಾಬಿ ಬಣ್ಣ ಇರತ್ತೆ. ಜಂತುಹುಳದ ಗಂಟು ಅಂಟಿಸಿದ್ದಲ್ಲ, ಬೇರೇ ಊದಿರೋದು, ಅದನ್ನ ತೆಗೀಬೇಕಂದ್ರೆ ಬೇರನ್ನೇ ಮುರೀಬೇಕು, ಸೀಳಿದ್ರೆ ಒಳಗೆ ಬಿಳಿ ಇಲ್ಲಾ ಕೆನೆ ಬಣ್ಣ. ಅವರೆ ಬೇರಲ್ಲಿ ಎರಡೂ ಒಟ್ಟಿಗೆ ಇರೋದನ್ನೂ ನೋಡಿದೀನಿ, ಹಾಗಾಗಿ ಒಂದು ಗಂಟು ನೋಡಿ ಬಿಡಬೇಡಿ, ಹತ್ತು ನೋಡಿ.

ಎಲೆಕೋಸು, ಹೂಕೋಸು ಬೇರು ಊದಿದ್ರೆ ಇನ್ನೊಂದು ಅನುಮಾನ ಇಟ್ಕೋಬೇಕು, ಗದೆ ಬೇರು ರೋಗ ಅಂತ ಒಂದಿದೆ, ಅದು ಬೇರೆ ಸೂಕ್ಷ್ಮಜೀವಿಯಿಂದ ಬರೋದು, ಬೇರು ಕಡ್ಲೆಕಾಯಿ ಗಾತ್ರಕ್ಕಿಂತ ದೊಡ್ಡದಾಗಿ ಗದೆ ಥರ ಊದಿ ಕೊಳೆತು ನಾರತ್ತೆ, ಒಳಗೆ ಹುಳ ಇರಲ್ಲ.

ಸೊರಗು ರೋಗದ ಪರೀಕ್ಷೆ ಇನ್ನೂ ಸುಲಭ. ಬಾಡಿರೋ ಟೊಮ್ಯಾಟೊ ಗಿಡದ ಬುಡದ ಕಾಂಡ ಒಂದು ಗೇಣು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಲ್ಲಿ ಕಟ್ ಮಾಡಿದ ತುದಿ ಮುಳುಗೋ ಹಂಗೆ ಅಲ್ಲಾಡಿಸದೆ ಹಿಡ್ಕೊಳಿ. ಬ್ಯಾಕ್ಟೀರಿಯಾ ಸೊರಗು ರೋಗ ಆಗಿದ್ರೆ ಕೆಲವೇ ನಿಮಿಷದಲ್ಲಿ ಹಾಲಿನ ಎಳೆ ಎಳೆ ಥರ ಕೆಳಗೆ ಇಳಿಯತ್ತೆ. ಇಳೀಲಿಲ್ಲ, ಆದ್ರೆ ಕಾಂಡ ಸೀಳಿದ್ರೆ ನಾಳ ಕಂದು ಬಣ್ಣ ಇದೆ ಅಂದ್ರೆ ಫ್ಯುಸೇರಿಯಂ ಶಿಲೀಂಧ್ರದ ಅನುಮಾನ. ಚಿಕ್ಕಪ್ಪನ ತೋಟದಲ್ಲಿ ಲೋಟದ ನೀರು ಕಾಲು ಗಂಟೆ ಆದ್ರೂ ತಿಳಿಯಾಗೇ ಇತ್ತು. ಆದ್ರೆ ಇಲ್ಲೊಂದು ಎಚ್ಚರಿಕೆ, ಲೋಟದಲ್ಲಿ ಹಾಲು ಬಂತು ಅಂತ ಬೇರು ನೋಡೋದು ಬಿಡಬೇಡಿ, ಜಂತುಹುಳ ಬೇರಿಗೆ ಮಾಡಿದ ಗಾಯದ ಮೂಲಕಾನೇ ಆ ಬ್ಯಾಕ್ಟೀರಿಯಾ, ಶಿಲೀಂಧ್ರ ಒಳಗೆ ಹೋಗೋದು ತುಂಬಾ ಮಾಮೂಲಿ, ಎರಡೂ ಇದ್ದಾಗ ಬರೀ ಸೊರಗು ರೋಗಕ್ಕೆ ಔಷಧಿ ಹುಯ್ದರೆ ಏನೂ ಗಿಟ್ಟಲ್ಲ.

ಗಂಟಿನ ರೂಪ ಬೆಳೆಯಿಂದ ಬೆಳೆಗೆ ಬದಲಾಗತ್ತೆ, ಇದು ಗೊತ್ತಿಲ್ದೆ ಎಷ್ಟೋ ಜನ ಏಮಾರ್ತಾರೆ. ಟೊಮ್ಯಾಟೊ, ಬೆಂಡೆ, ಸೌತೆ, ಹೀರೆಯಲ್ಲಿ ಗಂಟು ದೊಡ್ಡದು, ಒಂದಕ್ಕೊಂದು ಕೂಡ್ಕೊಂಡು ಗಡ್ಡೆ ಥರ ಆಗತ್ತೆ. ಮೆಣಸಿನಕಾಯಿ, ಪಾಲಿಹೌಸ್ ಕ್ಯಾಪ್ಸಿಕಂನಲ್ಲಿ ಗಂಟು ಸಾಸಿವೆ ರಾಗಿ ಕಾಳಿನಷ್ಟು, ಬೇರು ತೊಳೆದು ಬೆಳಕಿಗೆ ಹಿಡಿದ್ರೆ ಮಾತ್ರ ಕಾಣತ್ತೆ. ಕ್ಯಾರೆಟ್ಟಲ್ಲಿ ಗಡ್ಡೆ ಕವಲೊಡೆದು ಎರಡು ಮೂರು ಕಾಲು ಬಂದಂಗಾಗತ್ತೆ, ಮಾರ್ಕೆಟ್ಟಲ್ಲಿ ಅಂಥ ಮಾಲು ಪಕ್ಕಕ್ಕೆ ಎತ್ತಿಡ್ತಾರೆ. ಕಲ್ಲು ನೆಲ ಆದ್ರೂ, ಪೂರ್ತಿ ಕೊಳೆಯದ ಗೊಬ್ಬರ ಹಾಕಿದ್ರೂ ಕ್ಯಾರೆಟ್ ಕವಲೊಡೆಯತ್ತೆ, ಹಾಗಾಗಿ ಗಡ್ಡೆ ನೋಡಿ ಹೇಳೋಕಾಗಲ್ಲ, ಗಡ್ಡೆ ಸುತ್ತ ಇರೋ ಕೂದಲಿನಂಥ ಬೇರಲ್ಲಿ ಗಂಟಿದ್ಯಾ ನೋಡ್ಬೇಕು. ಮಾಲೂರು ಕಡೆ ಆಲೂಗಡ್ಡೇಲಿ ಸಿಪ್ಪೆ ಮೇಲೆ ನರೂಲಿ ಥರ ಉಬ್ಬು ಬರತ್ತೆ, ಸಿಪ್ಪೆ ತೆಳ್ಳಗೆ ತೆಗೆದ್ರೆ ಕೆಳಗೆ ಸಣ್ಣ ಕಂದು ಚುಕ್ಕೆ, ಆ ಚುಕ್ಕೇಲಿ ಹೆಣ್ಣು ಹುಳ ಕೂತಿರತ್ತೆ. ಭತ್ತದ ಜಾತಿ ಬೇರೇನೇ, ಅದರಲ್ಲಿ ಬೇರಿನ ತುದಿ ಕೊಕ್ಕೆ ಥರ ಬಗ್ಗಿ ಊದಿರತ್ತೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ತೋಟಗಳ ವಿಷ್ಯ ನಂಗೆ ಜಾಸ್ತಿ ಸಂಕಟ ಕೊಡೋದು. ಒಂದು ಸಲ ನೆಟ್ಟರೆ ಹತ್ತು ಹದಿನೈದು ವರ್ಷ ಇರೋ ತೋಟ, ಹುಳ ಒಳಗೆ ಸೇರಿದ್ರೆ ವರ್ಷ ವರ್ಷ ಹೆಚ್ಚುತ್ತೆ, ಸೊಪ್ಪು ಸಣ್ಣ ಆಗತ್ತೆ, ಎಲೆ ಅಂಚು ಹಳದಿ ಆಗತ್ತೆ, ಸೊಪ್ಪಿನ ತೂಕ ಇಳಿಯತ್ತೆ. ರೈತ್ರು ಗೊಬ್ಬರ ಸಾಲ್ದು ಅಂತ ಯೂರಿಯಾ ಹೆಚ್ಚಿಸ್ತಾರೆ. ಹಿಪ್ಪುನೇರಳೇಲಿ ಬುಡಕ್ಕೆ ಹತ್ರ ಇರೋ ದಪ್ಪ ಬೇರು ನೋಡಿ ಪ್ರಯೋಜನ ಇಲ್ಲ, ಸಾಲಿನ ನಡುವೆ ಇರೋ ಎಳೇ ಬೇರು ಅಗೆದು ನೋಡ್ಬೇಕು.

ಈಗ ಒಂದು ಗಂಟನ್ನ ಹತ್ರದಿಂದ ನೋಡೋಣ, ನಿಮ್ಮ ಹತ್ರ ಹತ್ತು ಪಟ್ಟು ದೊಡ್ಡದು ಮಾಡೋ ಕೈ ಲೆನ್ಸ್, ಒಂದು ಗುಂಡುಸೂಜಿ, ಒಂದು ಕಪ್ಪು ತಟ್ಟೆ ಇದ್ರೆ ಸಾಕು. ಗಂಟಿನ ಮೇಲ್ಮೈ ನೋಡಿ, ಅಲ್ಲಲ್ಲಿ ಸಣ್ಣ ಗೋಂದಿನ ಹನಿ ಥರ ಅಂಟಿರತ್ತೆ, ಹೊಸದಾದ್ರೆ ತಿಳಿ ಬಣ್ಣ, ಹಳೇದಾದ್ರೆ ಕಂದು, ಅದೇ ಮೊಟ್ಟೆ ಗೊಂಚಲು. ಅದರ ಕೆಳಗೆ ಸರಿಯಾಗಿ ಸೂಜಿ ತುದಿಯಿಂದ ಬೇರಿನ ಸಿಪ್ಪೆ ನಿಧಾನಕ್ಕೆ ಸರಿಸಿ. ಒಂದು ನೀರು ಹನಿ ಹಾಕ್ಕೊಂಡ್ರೆ ಒಳ್ಳೇದು. ಸಿಪ್ಪೆ ಸರಿದಾಗ ಒಳಗಿಂದ ಹೊಳೆಯೋ ಬಿಳಿ ಮುತ್ತು ಒಂದು ಹೊರಗೆ ಬರತ್ತೆ, ಗುಂಡುಸೂಜಿ ತಲೆಗಿಂತ ಸಣ್ಣದು, ಸುಮಾರು ಅರ್ಧದಿಂದ ಒಂದು ಮಿಲಿಮೀಟರ್. ಒತ್ತಿದ್ರೆ ಒಡೆದು ಹಾಲಿನಂಥ ರಸ ಬರತ್ತೆ. ಅದೇ ಹೆಣ್ಣು ಹುಳ. ಇದು ಕಂಡ್ರೆ ಬೇರುಗಂಟು ಜಂತುಹುಳ ಅನ್ನೋದರಲ್ಲಿ ಇನ್ನು ಅನುಮಾನ ಬೇಡ. ಚಿಕ್ಕಪ್ಪನಿಗೆ ತೋರ್ಸಿದಾಗ ಅವರು ಲೆನ್ಸ್ ಕಣ್ಣಿಗೆ ಹಿಡ್ದು ಇಷ್ಟೇನಾ ಇದು ಅಂದ್ರು.

ಎಷ್ಟು ಬಾಧೆ ಇದೆ ಅಂತ ಅಳೆಯೋಕೂ ಒಂದು ಸರಳ ಅಂಕ ಇದೆ, ಸೊನ್ನೆಯಿಂದ ಐದರವರೆಗೆ. ಒಂದು ಬೇರಲ್ಲಿ ಗಂಟೇ ಇಲ್ಲ ಅಂದ್ರೆ 0, ಒಂದೆರಡು ಇದ್ರೆ 1, ಮೂರರಿಂದ ಹತ್ತು 2, ಹನ್ನೊಂದರಿಂದ ಮೂವತ್ತು 3, ಮೂವತ್ತೊಂದರಿಂದ ನೂರು 4, ನೂರಕ್ಕಿಂತ ಜಾಸ್ತಿ ಆದ್ರೆ 5. ಚಿಕ್ಕಪ್ಪನ ಮೂಲೆಯ ಗಿಡಕ್ಕೆ ಲೆಕ್ಕ ಹಾಕೋಕೆ ಹೋಗಿ ನೂರಕ್ಕೆ ನಿಲ್ಲಿಸ್ದೆ.

ಇಲ್ಲಿವರ್ಗೂ ಹೇಳಿದ್ದು ಹೊಲದಲ್ಲಿ ನಾವೇ ಮಾಡ್ಕೋಬೋದಾದ ಗುರುತು. ಮುಂದಿನ ಪ್ರಶ್ನೆ ಯಾವ ಜಾತಿ ಅನ್ನೋದು, ಅದನ್ನ ಗಂಟು ನೋಡಿ ಹೇಳೋಕೆ ಯಾರಿಂದಾನೂ ಆಗಲ್ಲ. ಈ ಕುಲದ ಹೆಸರು ಮೆಲಾಯ್ಡೋಗೈನ್, ಇದರಲ್ಲಿ ಸುಮಾರು ನೂರು ಜಾತಿ ಇವೆ. ಪ್ರಪಂಚದಲ್ಲಿ ಇದನ್ನ ಮೊದಲು ಗುರುತಿಸಿ ಬರೆದಿದ್ದು 1855ರಲ್ಲಿ, ಇಂಗ್ಲೆಂಡಿನಲ್ಲಿ ಗಾಜಿನ ಮನೇಲಿ ಬೆಳೆದ ಸೌತೆ ಬೇರಲ್ಲಿ ಬರ್ಕ್ಲಿ ಅನ್ನೋ ಪಾದ್ರಿ ಕಂಡಿದ್ದು. ನಮ್ಮ ದೇಶದಲ್ಲಿ 1901ರಲ್ಲಿ ಬಾರ್ಬರ್ ಅನ್ನೋರು ನೀಲಗಿರಿಯ ದೇವಾಲದ ಟೀ ತೋಟದಲ್ಲಿ ಗುರುತಿಸಿದ್ರು. ತುಂಬಾ ವರ್ಷ ಎಲ್ಲಾ ಬೇರುಗಂಟು ಹುಳಾನೂ ಒಂದೇ ಜಾತಿ ಅನ್ಕೊಂಡಿದ್ರು, 1949ರಲ್ಲಿ ಚಿಟ್‌ವುಡ್ ಅನ್ನೋ ವಿಜ್ಞಾನಿ ಇಲ್ಲ ಇವು ಬೇರೆ ಬೇರೆ ಅಂತ ಬಿಡಿಸಿ ತೋರ್ಸಿದ್ರು. ಅವರು ಬಳಸಿದ್ದು ಹೆಣ್ಣು ಹುಳದ ಹಿಂಭಾಗದ ಗೆರೆಗಳನ್ನ.

ನಮ್ಮ ಬೆರಳಚ್ಚು ಹೇಗೋ ಹಾಗೆ ಇದು. ಹೆಣ್ಣು ಹುಳನ ಬೇರಿಂದ ಹುಷಾರಾಗಿ ಬಿಡಿಸಿ, ಮೈಕ್ರೋಸ್ಕೋಪ್ ಕೆಳಗೆ ಸಣ್ಣ ಬ್ಲೇಡಲ್ಲಿ ಹಿಂಭಾಗದ ತುಂಡು ಕತ್ತರಿಸಿ, ಲ್ಯಾಕ್ಟಿಕ್ ಆಸಿಡ್ಡಲ್ಲಿ ಒಳಗಿನ ಮಾಂಸ ಎಲ್ಲಾ ಬಿಡಿಸಿ ಬರೀ ಚರ್ಮ ಉಳಿಸ್ತಾರೆ. ಅದನ್ನ ಗ್ಲಿಸರಿನ್ನಲ್ಲಿ ಇಟ್ಟು ಗಾಜು ಮುಚ್ಚಿ ನೋಡಿದ್ರೆ ಗುದ ಮತ್ತು ಜನನ ರಂಧ್ರದ ಸುತ್ತ ಅಲೆ ಅಲೆ ಗೆರೆ ಕಾಣತ್ತೆ. ನಾನು ಓದೋವಾಗ ಒಂದು ಸರಿಯಾದ ಸ್ಲೈಡ್ ಮಾಡೋಕೆ ಒಂದು ಇಡೀ ಮಧ್ಯಾಹ್ನ ಹಿಡೀತಿತ್ತು. ಇನ್ಕಾಗ್ನಿಟಾ ಅನ್ನೋ ಜಾತಿಯಾದ್ರೆ ಮೇಲಿನ ಗೆರೆಗಳು ಎತ್ತರಕ್ಕೆ ಎದ್ದು ಚೌಕದ ಕಮಾನಿನ ಥರ ಇರ್ತವೆ. ಜವಾನಿಕಾ ಆದ್ರೆ ಎರಡೂ ಪಕ್ಕದಲ್ಲಿ ಸ್ಪಷ್ಟವಾಗಿ ಗೀರಿದಂಗೆ ಪಟ್ಟೆ ಇದ್ದು ಮೇಲಿನ ಗೆರೆಗಳನ್ನ ಕೆಳಗಿನ ಗೆರೆಗಳಿಂದ ಬೇರೆ ಮಾಡತ್ತೆ, ಒಂದು ಸಲ ನೋಡಿದ್ರೆ ಮರೆಯಲ್ಲ. ಅರೆನೇರಿಯಾದಲ್ಲಿ ಕಮಾನು ತಗ್ಗು, ದುಂಡಗೆ, ಪಕ್ಕದಲ್ಲಿ ಭುಜ ಇದ್ದಂಗೆ. ಹ್ಯಾಪ್ಲಾ ಅನ್ನೋದು ತಂಪು ಪ್ರದೇಶದ ಜಾತಿ, ಅದರಲ್ಲಿ ಬಾಲದ ತುದಿ ಹತ್ರ ಸೂಜಿ ಚುಚ್ಚಿದಂಗೆ ಚುಕ್ಕೆಗಳು, ಅದರ ಗಂಟೂ ಸಣ್ಣ, ಗಂಟಿನಿಂದ ಪಕ್ಕಕ್ಕೆ ಕೂದಲು ಕೂದಲು ಬೇರು ಹೊರಡತ್ತೆ.

ಓದೋಕೆ ಸುಲಭ ಅನ್ಸತ್ತೆ, ನೋಡೋಕೆ ಅಷ್ಟು ಸುಲಭ ಇಲ್ಲ. ಒಂದೇ ಜಾತೀಲೂ ಹುಳದಿಂದ ಹುಳಕ್ಕೆ ಗೆರೆ ಬದಲಾಗತ್ತೆ, ಒಂದೇ ಬೇರಲ್ಲಿ ಎರಡು ಜಾತಿ ಇರಬೋದು, ಅದಕ್ಕೆ ಒಂದು ಸ್ಲೈಡ್ ನೋಡಿ ಹೆಸರು ಬರೆಯೋದು ತಪ್ಪು, ಕನಿಷ್ಠ ಹತ್ತು ಹೆಣ್ಣು ನೋಡ್ಬೇಕು. ಎಂಟರೋಲೋಬಿ ಅಂತ ಒಂದು ಜಾತಿ ಇದೆ, 1983ರಲ್ಲಿ ಚೀನಾದಿಂದ ವರದಿಯಾಗಿದ್ದು, ಈಗ ನಮ್ಮ ದೇಶದ ಸೀಬೆ ತೋಟಗಳಿಗೂ ಬಂದಿದೆ, ಅದರ ಗೆರೆ ಇನ್ಕಾಗ್ನಿಟಾ ಥರಾನೇ ಕಾಣೋದ್ರಿಂದ ಎಷ್ಟೋ ಕಡೆ ತಪ್ಪು ಹೆಸರಲ್ಲಿ ವರ್ಷಗಟ್ಟಲೆ ತಪ್ಪಿಸ್ಕೊಂಡಿತ್ತು. ಇಂಥ ಕಡೆ ಲ್ಯಾಬಿನೋರು ಇನ್ನೂ ಮುಂದೆ ಹೋಗ್ತಾರೆ. ಎಳೇ ಹೆಣ್ಣು ಹುಳ ಒಂದನ್ನ ಜಜ್ಜಿ ಅದರ ಎಸ್ಟರೇಸ್ ಅನ್ನೋ ಕಿಣ್ವಾನ ಜೆಲ್ಲಲ್ಲಿ ಓಡಿಸಿದ್ರೆ ಪಟ್ಟೆ ಪಟ್ಟೆ ಬೀಳತ್ತೆ, ಜವಾನಿಕಾಗೆ ಮೂರು ಪಟ್ಟೆ, ಹ್ಯಾಪ್ಲಾಗೆ ಒಂದು, ಹೀಗೆ ಜಾತಿಗೊಂದು ಗುರುತು. ಅದಕ್ಕಿಂತ ನಂಬಿಕಸ್ಥ ಅಂದ್ರೆ ಪಿಸಿಆರ್, ಡಿಎನ್ಎ ತುಂಡು ನೋಡಿ ಜಾತಿ ಹೇಳೋದು, ಅದಕ್ಕೆ ಹೆಣ್ಣೇ ಬೇಕು ಅಂತಿಲ್ಲ, ಮರಿ ಇದ್ರೂ ಆಗತ್ತೆ. ಹಳೇ ಕಾಲದಿಂದ ಬಂದಿರೋ ಇನ್ನೊಂದು ದಾರಿ ಗಿಡಗಳನ್ನೇ ಕೇಳೋದು, ಟೊಮ್ಯಾಟೊ, ತಂಬಾಕು, ಹತ್ತಿ, ಕ್ಯಾಪ್ಸಿಕಂ, ಕಲ್ಲಂಗಡಿ, ಕಡ್ಲೆಕಾಯಿ ಈ ಆರರ ಗೊತ್ತಾದ ತಳಿಗಳನ್ನ ಕುಂಡದಲ್ಲಿ ಬೆಳೆಸಿ ಹುಳ ಬಿಟ್ಟು ಯಾವುದರಲ್ಲಿ ಗಂಟು ಬಂತು, ಯಾವುದರಲ್ಲಿ ಬರ್ಲಿಲ್ಲ ಅಂತ ನೋಡೋದು.

ಜಾತಿ ತಿಳ್ಕೊಂಡು ರೈತನಿಗೆ ಏನಾಗ್ಬೇಕು ಅಂತ ಕೇಳ್ತಾರೆ. ಆಗ್ಬೇಕಾದ್ದು ತುಂಬಾ ಇದೆ. ಇನ್ಕಾಗ್ನಿಟಾ ಕಡ್ಲೆಕಾಯಲ್ಲಿ ಬೆಳೆಯಲ್ಲ, ಹಾಗಾಗಿ ಟೊಮ್ಯಾಟೊ ಆದ್ಮೇಲೆ ಒಂದು ಬೆಳೆ ಕಡ್ಲೆಕಾಯಿ ಹಾಕಿದ್ರೆ ಅದರ ಸಂಖ್ಯೆ ಇಳಿಯತ್ತೆ. ಅದೇ ನಿಮ್ಮ ಹೊಲದಲ್ಲಿರೋದು ಅರೆನೇರಿಯಾ ಹುಳದಲ್ಲಿ ಕಡ್ಲೆಕಾಯಿಗೆ ಹತ್ತೋ ಬಗೆ ಆಗಿದ್ರೆ ಕಡ್ಲೆಕಾಯಿ ಹಾಕಿದ್ದು ಅದಕ್ಕೆ ಹಬ್ಬದೂಟ ಬಡಿಸ್ದಂಗೆ. ಎಂಐ ಜೀನ್ ಇರೋ ಜಂತುಹುಳ ನಿರೋಧಕ ಟೊಮ್ಯಾಟೊ ತಳಿಗಳು ಇನ್ಕಾಗ್ನಿಟಾ, ಜವಾನಿಕಾ, ಅರೆನೇರಿಯಾ ಮೂರನ್ನೂ ತಡೀತವೆ, ಆದ್ರೆ ಹ್ಯಾಪ್ಲಾ ಮತ್ತೆ ಎಂಟರೋಲೋಬಿ ತಡೆಯಲ್ಲ, ಇನ್ನೂ ಒಂದು, ಮಣ್ಣಿನ ಬಿಸಿ 28 ಡಿಗ್ರಿ ದಾಟಿದ್ರೆ ಆ ಜೀನ್ ಕೆಲಸ ಕುಗ್ಗತ್ತೆ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಮಣ್ಣು ಎಷ್ಟು ಕಾಯತ್ತೆ ಅಂತ ನಾನು ಹೇಳಬೇಕಾಗಿಲ್ಲ. ಕಂಪನಿಯೋರು ನಿರೋಧಕ ತಳಿ ಅಂತ ಪ್ಯಾಕೆಟ್ ಕೊಟ್ರೆ ಯಾವ ಜಾತಿಗೆ ನಿರೋಧಕ ಅಂತ ಕೇಳಿ.

ಲ್ಯಾಬಿಗೆ ಮಣ್ಣು ಕಳಿಸೋದರಲ್ಲಿ ಜನ ಜಾಸ್ತಿ ತಪ್ಪು ಮಾಡ್ತಾರೆ. ಮಣ್ಣು ಪರೀಕ್ಷೆಗೆ ಅಂದ್ರೆ ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಕಳಿಸಿ ಅಂತ ನಾವೇ ಹೇಳ್ಕೊಟ್ಟಿರ್ತೀವಿ, ಜಂತುಹುಳದ ಪರೀಕ್ಷೆಗೆ ಅದನ್ನೇ ಮಾಡಿದ್ರೆ ಹುಳ ಎಲ್ಲಾ ಸತ್ತು ರಿಪೋರ್ಟ್ ಸೊನ್ನೆ ಬರತ್ತೆ. ಇದಕ್ಕೆ ಹಸಿ ಮಣ್ಣೇ ಬೇಕು. ಮೇಲಿನ ಒಂದಿಂಚು ಸರಿಸಿ, ಬೇರಿನ ಹತ್ರ ಅರ್ಧ ಅಡಿಯಿಂದ ಮುಕ್ಕಾಲಡಿ ಆಳಕ್ಕೆ, ಹೊಲದಲ್ಲಿ ಅಡ್ಡಾದಿಡ್ಡಿ ನಡೀತಾ ಹತ್ತು ಹದಿನೈದು ಕಡೆ ತೆಗೆದು ಬಕೆಟ್ಟಲ್ಲಿ ನಿಧಾನಕ್ಕೆ ಬೆರೆಸಿ ಕಾಲು ಕೆಜಿಯಷ್ಟು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಜೊತೆಗೆ ಒಂದು ಹಿಡಿ ಬೇರು. ಬೈಕಿನ ಡಿಕ್ಕೀಲಿ ಬಿಸಿಲಿಗೆ ಇಡಬೇಡಿ, ಫ್ರೀಜರಲ್ಲೂ ಇಡಬೇಡಿ, ಮನೇಲಿ ತಂಪು ಜಾಗದಲ್ಲಿಟ್ಟು ಒಂದೆರಡು ದಿನದಲ್ಲಿ ತಲುಪಿಸಿ. ಯಾವ ಬೆಳೆ, ಅದಕ್ಕೆ ಮುಂಚೆ ಏನು ಬೆಳೆ ಅಂತ ಚೀಟಿ ಬರೆದು ಕವರಿನ ಹೊರಗೆ ಅಂಟಿಸಿ, ಒಳಗೆ ಹಾಕಿದ್ರೆ ತೇವಕ್ಕೆ ಅಳಿಸಿ ಹೋಗತ್ತೆ. ಎಲ್ಲಿ ಕೊಡ್ಬೇಕು ಅಂತ ಗೊತ್ತಾಗ್ದಿದ್ರೆ ಕೋಲಾರದೋರು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿಕ್ಕಬಳ್ಳಾಪುರದೋರು ಚಿಂತಾಮಣಿ ಕುರುಬೂರಲ್ಲಿ, ತುಮಕೂರಿನೋರು ಹಿರೇಹಳ್ಳೀಲಿ ಮೊದಲು ವಿಚಾರಿಸಿ, ಜಾತಿವರೆಗೂ ತಿಳೀಬೇಕು ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇಲ್ಲಾ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಜಂತುಹುಳ ತಜ್ಞರನ್ನ ಕೇಳ್ಬೇಕಾಗತ್ತೆ.

ಲ್ಯಾಬಲ್ಲಿ ಮಣ್ಣನ್ನ ನೀರಲ್ಲಿ ಕದಡಿ ಒಂದರ ಮೇಲೊಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸಿ, ಕೊನೇ ಜರಡೀಲಿ ಉಳಿದಿದ್ದನ್ನ ಟಿಶ್ಯೂ ಪೇಪರ್ ಮೇಲೆ ಹಾಕಿ ನೀರಿಗೆ ತಾಗಿಸಿ ಇಡ್ತಾರೆ, ಜೀವ ಇರೋ ಹುಳ ಪೇಪರ್ ದಾಟಿ ನೀರಿಗೆ ಇಳಿಯತ್ತೆ. ಆ ನೀರಲ್ಲಿ ಕಾಣೋ ಎಲ್ಲಾ ಜಂತೂ ಕೆಟ್ಟದ್ದಲ್ಲ. ಬ್ಯಾಕ್ಟೀರಿಯಾ ತಿನ್ಕೊಂಡು ಗೊಬ್ಬರ ಕೊಳೆಸೋಕೆ ಸಹಾಯ ಮಾಡೋ ಜಂತುಗಳೇ ಅದರಲ್ಲಿ ಜಾಸ್ತಿ, ಗೊಣ್ಣೆಹುಳನ ಕೊಲ್ಲೋ ಜಂತುಗಳೂ ಇವೆ. ಬಾಯಲ್ಲಿ ಈಟಿ ಇದ್ಯಾ, ಇದ್ರೆ ಯಾವ ಆಕಾರ ಅಂತ ನೋಡಿ ಬೇರ್ಪಡಿಸ್ತಾರೆ.

ಲ್ಯಾಬು ದೂರ ಆಯ್ತು ಅನ್ನೋರಿಗೆ ಒಂದು ಮನೆ ಪರೀಕ್ಷೆ ಇದೆ, ಮುಂದಿನ ನಾಟಿಗೆ ಎರಡು ತಿಂಗಳು ಮುಂಚೆ ಮಾಡ್ಕೊಳಿ. ಹೊಲದ ಬೇರೆ ಬೇರೆ ಮೂಲೆಯ ಹಸಿ ಮಣ್ಣನ್ನ ಬೇರೆ ಬೇರೆ ಕುಂಡಕ್ಕೆ ಹಾಕಿ ಸೌತೆ ಇಲ್ಲಾ ಮಾಮೂಲಿ ಟೊಮ್ಯಾಟೊ ಬೀಜ ಬಿತ್ತಿ, ಐದಾರು ವಾರ ನೀರು ಹಾಕಿ, ಆಮೇಲೆ ಕುಂಡ ಬೋರಲು ಹಾಕಿ ಬೇರು ತೊಳೆದು ನೋಡಿ. ಯಾವ ಕುಂಡದಲ್ಲಿ ಗಂಟು ಬಂತೋ ಆ ಮೂಲೇಲಿ ಹುಳ ಇದೆ.

ಸಸಿ ವಿಷ್ಯ ಹೇಳ್ದೆ ಮುಗಿಸೋಕೆ ಮನಸ್ಸಾಗ್ತಿಲ್ಲ. ಚಿಕ್ಕಪ್ಪ ಆ ಸಲ ಸಸಿ ತಂದಿದ್ದ ನರ್ಸರಿಗೆ ಆಮೇಲೆ ನಾವಿಬ್ರೂ ಹೋಗಿದ್ವಿ. ಸಸಿ ಬೆಳೆಸೋ ಗುಳಿ ಗುಳಿ ತಟ್ಟೆ, ಅಂದ್ರೆ ಪ್ರೋಟ್ರೇಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಲ್ದು ಅಂತ ಪಕ್ಕದ ತೋಟದ ಮಣ್ಣು ಬೆರೆಸಿದ್ರು. 25 ದಿನದ ಸಸಿ ಹತ್ತು ತೆಗೆದು ಬೇರು ತೊಳೆದೆ, ನಾಲ್ಕರಲ್ಲಿ ಸಾಸಿವೆಯಷ್ಟು ಗಂಟು. ಆ ಸಸಿ ಅಷ್ಟೊತ್ತಿಗೆ ಎಷ್ಟು ಊರಿಗೆ ಹೋಗಿತ್ತೋ. ಸಸಿ ದುಡ್ಡು ಕೊಡೋ ಮುಂಚೆ ನಾಲ್ಕೈದು ಸಸಿ ಎಳೆದು ಬೇರು ತೊಳೆದು ನೋಡೋ ಹಕ್ಕು ನಿಮಗಿದೆ, ನರ್ಸರಿಯೋರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಗುರುತು ಸಿಕ್ಕ ಮೇಲೆ ಏನು ಮಾಡೋದು ಅನ್ನೋದು ಇನ್ನೊಂದು ದೊಡ್ಡ ಕಥೆ, ಸ್ವಲ್ಪ ಮಾತ್ರ ಹೇಳ್ತೀನಿ. ನಿಂತಿರೋ ಬೆಳೆಗೆ ಗಂಟು ಬಂದ್ಮೇಲೆ ಅದನ್ನ ಕರಗಿಸೋ ಔಷಧಿ ಇಲ್ಲ, ಕೆಲಸ ಎಲ್ಲಾ ನಾಟಿಗೆ ಮುಂಚೇನೇ. ಬೇಸಿಗೇಲಿ ಮಣ್ಣು ತೇವ ಮಾಡಿ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನಾಲ್ಕರಿಂದ ಆರು ವಾರ ಹೊದಿಸೋದು ನರ್ಸರಿ ಮಡಿಗೆ ತುಂಬಾ ಒಳ್ಳೇದು. ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮ, ಸ್ಯುಡೋಮೊನಾಸ್, ಪೆಸಿಲೋಮೈಸಿಸ್ ಅನ್ನೋ ಉಪಕಾರಿ ಸೂಕ್ಷ್ಮಜೀವಿಗಳ ಪುಡಿ ತಲಾ ಎರಡು ಕೆಜಿ ಬೆರೆಸಿ ನೆರಳಲ್ಲಿ ತೇವ ಆರದಂಗೆ ಹದಿನೈದು ದಿನ ಮುಚ್ಚಿಟ್ಟು ಹಾಕೋದು ಹೆಸರಘಟ್ಟದೋರು ಹೇಳೋ ಪದ್ಧತಿ, ಬೇವಿನ ಹಿಂಡಿ ಜೊತೆಗಿದ್ರೆ ಇನ್ನೂ ಒಳ್ಳೇದು. ಚೆಂಡು ಹೂವು ನಮ್ಮ ಕಡೆ ಹೆಂಗಿದ್ರೂ ಬೆಳೀತೀವಿ, ಅದರ ಬೇರಿನ ರಸ ಈ ಹುಳಕ್ಕೆ ವಿಷ, ಆದ್ರೆ ಬದುವಿಗೆ ನಾಲ್ಕು ಗಿಡ ನೆಟ್ಟರೆ ಆಗಲ್ಲ, ಬಾಧೆ ಇರೋ ಜಾಗದಲ್ಲಿ ಒತ್ತಾಗಿ ಒಂದು ಪೂರ್ತಿ ಬೆಳೆ ತೆಗೀಬೇಕು. ಹಳೇ ದಾಸ್ತಾನಿನ ಫೋರೇಟ್ ಅನ್ನೋ ಕೀಟನಾಶಕದ ಕಾಳು ಯಾರಾದ್ರೂ ಕೊಟ್ರೆ ತಗೋಬೇಡಿ, ಅದು 2020ರ ಕೊನೆಗೇ ಪೂರ್ತಿ ನಿಷೇಧ ಆಗಿದೆ.

ಚಿಕ್ಕಪ್ಪನ ಆ ಬೆಳೆ ಮುಗಿದ ದಿನ ಗಿಡ ಕೀಳೋಕೆ ನಾನೂ ಹೋಗಿದ್ದೆ. ಬೆಳೆ ಕೊನೇಲಿ ಹೆಂಗಿದ್ರೂ ಗಿಡ ಕೀಳ್ಲೇಬೇಕು, ಒಂದು ಕಾಯೂ ನಷ್ಟ ಇಲ್ಲದೆ ಇಡೀ ಹೊಲದ ಬೇರು ನೋಡೋಕೆ ಅದಕ್ಕಿಂತ ಒಳ್ಳೇ ಟೈಮಿಲ್ಲ. ಸಾಲಿಗೆ ಐದು ಗಿಡದಂತೆ ಅಗೆದು ನಾನು ಅಂಕ ಹೇಳ್ತಾ ಹೋದೆ, ಚಿಕ್ಕಪ್ಪನ ಮಗಳು ನೋಟ್ ಬುಕ್ಕಲ್ಲಿ ಹೊಲದ ನಕ್ಷೆ ಬರೆದು ತುಂಬಿಸ್ತಾ ಬಂದ್ಲು. ಬೋರ್‌ವೆಲ್ ಮೂಲೆಯಿಂದ ಆರು ಸಾಲು 5, ಆಮೇಲೆ ನಾಲ್ಕು ಸಾಲು 3, ರಸ್ತೆ ಕಡೆ ಎಲ್ಲಾ 0 ಇಲ್ಲಾ 1. ಗಂಟಿರೋ ಬೇರನ್ನೆಲ್ಲ ಅಲ್ಲೇ ಬದುವಿನ ಮೇಲೆ ಬಿಡದೆ ಒಣಗಿಸಿ ಸುಟ್ವಿ. ಆ ಹಾಳೆ ಈಗ್ಲೂ ಅವರ ಪಂಪ್‌ಸೆಟ್ ಮನೆ ಗೋಡೇಲಿ ಅಂಟಿಸಿದೆ, 5 ಇದ್ದ ಆರು ಸಾಲಲ್ಲಿ ಈ ಸಲ ಚೆಂಡು ಹೂವಿದೆ, ರಸ್ತೆ ಕಡೆ ಟೊಮ್ಯಾಟೊ. ರೋಟವೇಟರ್ ಹೊಡೆಯೋಕೆ ಬರೋ ಹುಡುಗನಿಗೆ ಚಿಕ್ಕಪ್ಪ ಮೊದಲು ರಸ್ತೆ ಕಡೆ ಹೊಡಿ, ಬೋರ್‌ವೆಲ್ ಮೂಲೆ ಕೊನೇಲಿ ಹೊಡಿ, ಆಮೇಲೆ ಬ್ಲೇಡಿನ ಮಣ್ಣು ಇಲ್ಲೇ ತೊಳೆದು ಹೋಗು ಅಂತ ಹೇಳ್ತಿದ್ರು.